ಅತ್ತೆ ಕುಡಿದ ಸೂಪು

ಆಗಸ್ಟ್ ೧೧, ಮಂಗಳವಾರ

ಅತ್ತೆ ಮಲಗಿದ್ದಾರೆ. ಉಸಿರು ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ಹೋಗಿ ನೋಡಿ ಬರುತ್ತಿದ್ದೇನೆ.

ಹಿತ್ತಲಿನ ಜುಕಿನಿ ಗಿಡ ಈ ಸಲ ಮೈತುಂಬ ಸೌತೆಯಂಥ ಕಾಯಿ ಬಿಟ್ಟಿದೆ. ವಾರವಿಡೀ ಅದೇ ಸೂಪು, ಅದೇ ಹುರಿದ ಹೋಳು. ನಿನ್ನೆ ಇವರು "ಇವತ್ತೂ ಇದೇನಾ?" ಎಂದಾಗ ರೇಗಿಹೋಯಿತು. "ಬೇಡದೋರು ಉಪವಾಸ ಇರಿ" ಎಂದು ಕೂಗಿಬಿಟ್ಟೆ. ಅತ್ತೆ ಪಾಪ, ತಲೆ ತಗ್ಗಿಸಿ ಊಟ ಮಾಡಿದರು.

ಇಂದು ಮಧ್ಯಾಹ್ನ ಅತ್ತೆಗೆ ಮೊದಲು ಸೂಪು ಬಡಿಸಿದೆ. ಬಟ್ಟಲು ಖಾಲಿ ಮಾಡಿ ಎದ್ದರು. ಆಮೇಲೆ ನಾನು ಒಂದು ಚಮಚ ಬಾಯಿಗಿಟ್ಟರೆ ಹಾಗಲಕಾಯಿಯನ್ನೂ ಮೀರಿದ ಕಹಿ! ಉಗಿದು, ಡಾಕ್ಟರಿಗೆ ಫೋನ್ ಮಾಡಿದೆ.

"ಜುಕಿನಿ ಅಷ್ಟು ಕಹಿ ಇದ್ರೆ ವಿಷ ಕಣಮ್ಮ. ಯಾರಾದ್ರೂ ತಿಂದ್ರಾ?"

ಉತ್ತರ ಕೊಡುವ ಮೊದಲೇ ಬಚ್ಚಲಿನಲ್ಲಿ ಅತ್ತೆ ವಾಂತಿ ಮಾಡುವ ಸದ್ದು ಕೇಳಿಸಿತು. ಫೋನ್ ಬಿಟ್ಟು ಓಡಿದೆ.

ಆಸ್ಪತ್ರೆಯಲ್ಲಿ ಸಂಜೆಯವರೆಗೆ ಡ್ರಿಪ್ ಹಾಕಿದರು. ಮತ್ತೆ ವಾಂತಿಯಾದರೆ, ರಕ್ತ ಕಂಡರೆ ತಕ್ಷಣ ಕರೆತರಬೇಕು ಎಂದು ಹೇಳಿ ಕಳಿಸಿದ್ದಾರೆ.

ಬರುವಾಗ ಕಾರಿನಲ್ಲಿ ಕೇಳಿದೆ: "ಅಷ್ಟು ಕಹಿ ಇತ್ತಲ್ಲ ಅತ್ತೆ, ಯಾಕೆ ಕುಡಿದ್ರಿ?"

"ಬೇಡ ಅಂದ್ರೆ ನೀನು ಮತ್ತೆ ಸಿಟ್ಟು ಮಾಡ್ಕೋತೀಯೇನೋ ಅಂತ ಭಯ ಆಯ್ತಮ್ಮ."

ನನ್ನ ಕಂಡರೆ ಭಯ. ವಿಷಕ್ಕಿಂತ ಹೆಚ್ಚು ಭಯ. ಹಾಗಾದರೆ ಈಗ ಹೊಟ್ಟೆ ನೋವಾದರೂ ನನಗೆ ಹೇಳುತ್ತಾರೋ ಇಲ್ಲವೋ?

ಮಂಚ ಕಿರುಗುಟ್ಟಿತು. ಎದ್ದಿದ್ದಾರೆ. ಗೋಡೆ ಹಿಡಿದುಕೊಂಡು, ಹೆಜ್ಜೆಯ ಸದ್ದಾಗದಂತೆ, ಒಬ್ಬರೇ ಬಚ್ಚಲಿಗೆ ಹೋಗುತ್ತಿದ್ದಾರೆ. ನನ್ನನ್ನು ಕರೆಯಲೇ ಇಲ್ಲ. ಹೋಗುತ್ತೇನೆ.