ಗೂನಜ್ಜಿಗೆ ಎರಡು ಬಾಟಲಿ ನೀರು

ಮಾರ್ಚ್ ೪

ಇಂದು ಬಂಡೆಗೋಡೆಯ ಪೂರ್ವದ ಬದಿ. ಸುತ್ತಿಗೆಯಿಂದ ಬಡಿಯುವುದು, ಕಿವಿಗೊಡುವುದು. ಟಣ್ ಅಂದರೆ ಗಟ್ಟಿ. ಬೊದ್ ಅಂದರೆ ಒಳಗೆ ಟೊಳ್ಳು, ತಾನಾಗಿ ರಸ್ತೆಗೆ ಉರುಳುವ ಮೊದಲೇ ಕೆಡವಬೇಕು. ತಮ್ಮ ತಲೆಯ ಮೇಲೆ ಒಬ್ಬಳು ಹಗ್ಗಕ್ಕೆ ನೇತಾಡುತ್ತ ಸುಣ್ಣದಕಲ್ಲಿನ ಆರೋಗ್ಯ ವಿಚಾರಿಸುತ್ತಿದ್ದಾಳೆಂದು ಕೆಳಗಿನ ರಸ್ತೆಯವರಿಗೆ ಗೊತ್ತೇ ಇಲ್ಲ. ಗೊತ್ತಾಗದಿದ್ದರೇ ಒಳ್ಳೆಯದು.

ಗೂನಜ್ಜಿ ಹಾಗೆಯೇ ಇದ್ದಾಳೆ. ಬಿರುಕಿನಿಂದ ಹೊರಬಂದು, ಕೆಳಕ್ಕೆ ಬಾಗಿ, ಮತ್ತೆ ಮೇಲಕ್ಕೆ ತಿರುಗಿದ ಜೂನಿಪರ್ ಮರ. ಮರ ಅನ್ನಲು ನಾಚಿಕೆಯಾಗಬೇಕು, ಕಾಂಡ ನನ್ನ ಮಣಿಕಟ್ಟಿನಷ್ಟೇ. ಅರ್ಧ ಮೈ ಒಣಗಿ ಬಿಳಿಚಿದೆ, ಒಂದು ಪಟ್ಟಿ ತೊಗಟೆಯಲ್ಲಿ ಮಾತ್ರ ಜೀವ. ಬುಡದಲ್ಲಿ ಉಗುರಿನಷ್ಟು ಜರಿಗಿಡಗಳು, ಹೆಸರು ಗೊತ್ತಿಲ್ಲದ ಒಂದು ನೀಲಿ ಹೂ. ಮಣ್ಣು ಅಂತ ಇರುವುದು ಒಂದು ಚಮಚ.

ಮನೆಗೆ ಬಂದರೆ ಮಾವ ಮತ್ತೆ ತಟ್ಟೆ ಮುಟ್ಟಿಲ್ಲ. ಅತ್ತೆ ಹೋದ ಮೇಲೆ ನಮ್ಮಲ್ಲಿಗೆ ಬಂದರು... ಬಂದಾಗಿನಿಂದ ಇದೇ ಪಾಡು. ಬೈದೆ. ಎರಡು ತುತ್ತು ತಿಂದರು, ನನ್ನ ಬಾಯಿ ಮುಚ್ಚಿಸಲು.

ಮಾರ್ಚ್ ೧೧, ಸಂಜೆ

ಮಾವನಿಗೆ ನನ್ನ ಹಳೆಯ ಬೈನಾಕ್ಯುಲರ್ ಕೊಟ್ಟೆ. ಕಿಟಕಿಯಿಂದ ಬಂಡೆ ಪೂರ್ತಿ ಕಾಣುತ್ತದೆ. ಸೊಸೆ ಬಿದ್ದಳೋ ಇದ್ದಾಳೋ ನೋಡಿಕೊಂಡಿರಲಿ ಅಂತ. ಅವರು ನೋಡಿದ್ದು ಗೂನಜ್ಜಿಯನ್ನು. ಜೀವಮಾನವಿಡೀ ನಗರದ ಪಾರ್ಕಿನಲ್ಲಿ ಮಾಲಿಯಾಗಿದ್ದವರು, ಕಣ್ಣು ಇನ್ನೆಲ್ಲಿ ಹೋದೀತು.

“ಅದು ಹಸಿದಿದೆ ಕಣಮ್ಮ. ಬಣ್ಣ ನೋಡಿದ್ರೆ ಗೊತ್ತಾಗಲ್ವಾ?”

“ಅದು ಯಾವಾಗ್ಲೂ ಹಾಗೇ ಮಾವ.”

“ಯಾವಾಗ್ಲೂ ಹಸಿದಿದ್ರೆ ಅದು ಹಸಿವೇ ಅಲ್ವಾ?”

ಈ ಮಾತು ಯಾರ ಬಾಯಲ್ಲಿ! ನಗು ಬಂತು. ಆಮೇಲೆ ಒಂದು ಉಪಾಯವೂ ಬಂತು.

“ಸರಿ. ನೀವು ಉಂಡ್ರೆ ಅದಕ್ಕೂ ಉಣಿಸ್ತೀನಿ.”

ಮಾರ್ಚ್ ೧೨

ಎರಡು ಬಾಟಲಿ ನೀರು, ಒಂದು ಚೀಲ ಗೊಬ್ಬರ. ಗೊಬ್ಬರ ಮಾವನೇ ಹದ ಮಾಡಿದ್ದು. ಮೇಲೆ ನನ್ನ ಹಗ್ಗ ಕಾಯುವ ಗಂಟಣ್ಣ (ಪ್ರತಿ ಗಂಟನ್ನೂ ಎಳೆದೆಳೆದು ನೋಡುತ್ತಾನೆ, ಅದಕ್ಕೇ ಆ ಹೆಸರು) ಬಿದ್ದು ಬಿದ್ದು ನಕ್ಕ.

“ಏನ್ ತಾಯಿ, ಅಜ್ಜಿಗೆ ಬುತ್ತಿ ಕಟ್ಕೊಂಡು ಹೊರಟ್ಯಾ?”

ಬಿರುಕಿಗೆ ಗೊಬ್ಬರ ತುಂಬಿ ನೀರು ಸುರಿದೆ. ಕಿಟಕಿಯ ಕಡೆ ಕೈ ಬೀಸಿದೆ. ಮಧ್ಯಾಹ್ನ ಇವರ ಫೋನು — “ಅಪ್ಪ ಪೂರ್ತಿ ಊಟ ಮಾಡಿದ್ರು ಕಣೇ!” ಲಾಟರಿ ಹೊಡೆದವರ ದನಿ.

ಜೂನ್ ೨

ವಾರಕ್ಕೊಮ್ಮೆ ಬುತ್ತಿ ತಪ್ಪಿಸಿಲ್ಲ. ಗೂನಜ್ಜಿಯ ಮೈಮೇಲೆ ಎಳೆ ಹಸಿರು! ಮಾವನ ಕೆನ್ನೆಯೂ ತುಂಬಿದೆ. ಈಗ ಎರಡನೆಯ ಸಲವೂ ಬಡಿಸುತ್ತೇನೆ, ಬೇಡ ಅಂದರೂ ಬಿಡುವುದಿಲ್ಲ. ಕೈ ಅಡ್ಡ ಹಿಡಿದರೆ ಕೈ ಸರಿಸಿ ಬಡಿಸುತ್ತೇನೆ. ಅಪರೂಪಕ್ಕೆ ನನ್ನ ಬಗ್ಗೆ ನನಗೇ ಹೆಮ್ಮೆ.

ಮೇ ೨೧ — ಹೊಸ ಡೈರಿ, ಈ ವರ್ಷದ ಮೊದಲ ಬರಹ

ಬಿಡುವಿಲ್ಲದ ವರ್ಷ. ಗೂನಜ್ಜಿ ತಲೆ ತುಂಬ ಸೊಂಪಾಗಿ ಬೆಳೆದಿದ್ದಾಳೆ. ಆದರೆ ಬುಡದಲ್ಲಿ ಹುಲ್ಲು. ಎಲ್ಲಿಂದ ಬಂತೋ, ಗೊಬ್ಬರದ ವಾಸನೆ ಹಿಡಿದು ಬಂದಂತೆ ದಟ್ಟವಾಗಿ ಎದ್ದಿದೆ. ಜರಿಗಿಡ ಹುಡುಕಿದೆ. ಸಿಗಲಿಲ್ಲ. ನೀಲಿ ಹೂವೂ ಇಲ್ಲ.

ಮಾವನಿಗೆ ಹೇಳಲಿಲ್ಲ.

ಅಕ್ಟೋಬರ್ ೯

ಎರಡು ದಿನ ಬಿರುಗಾಳಿ. ಇಂದು ಇಳಿದು ನೋಡಿದರೆ ಗೂನಜ್ಜಿ ಅಲ್ಲಾಡುತ್ತಿದ್ದಾಳೆ. ಹಿಂದೆಂದೂ ಅಲ್ಲಾಡಿದವಳಲ್ಲ, ಗಾಳಿಗೆ ಸಿಗುವಷ್ಟು ಮೈ ಎಲ್ಲಿತ್ತು ಅವಳಿಗೆ? ಈಗ ತಲೆಭಾರ. ಗಾಳಿ ಎಳೆದಂತೆಲ್ಲ ಬುಡ ಬಿರುಕನ್ನು ಮೀಟುತ್ತಿದೆ. ಪಕ್ಕದ ಕಲ್ಲಿಗೆ ಬಡಿದೆ.

ಬೊದ್.

ಮತ್ತೆ ಬಡಿದೆ. ಬೊದ್. ಹೋದ ವರ್ಷ ಇದೇ ಕಲ್ಲು ಟಣ್ ಅಂದಿತ್ತು. ಕೆಳಗೆ ಶಾಲೆಯ ಬಸ್ಸು ಹೋಯಿತು.

ಮುಚ್ಚಿಡುವ ವಿಷಯವಲ್ಲ. ರಸ್ತೆಯ ಎಂಜಿನಿಯರಿಗೆ ಹೇಳಿದೆ, ನೀರು ಗೊಬ್ಬರದ ಸಮೇತ.

“ಬುಡಸಮೇತ ತೆಗೀರಿ. ನಿಮ್ಗೆ ಗಿಡ ಸಾಕೋಕೆ ಸಂಬಳ ಕೊಡ್ತಿಲ್ಲ.”

ಸರಿಯಾಗಿಯೇ ಬೈದರು. ಕಲ್ಲಿಗೆ ಬೋಲ್ಟ್ ಹಾಕುತ್ತೇನೆ, ಮರದ ಭಾರ ಇಳಿಸುತ್ತೇನೆ ಎಂದು ಗೋಗರೆದೆ. ಶನಿವಾರ ತಾವೇ ಬಂದು ನೋಡುತ್ತಾರಂತೆ. ಅಲ್ಲಾಡಿದರೆ ಕೊಡಲಿಯೇ.

ಮರದ ಚಿಂತೆ ಒಂದು ಪಾಲಾದರೆ ಮಾವನ ಚಿಂತೆ ಮೂರು ಪಾಲು. ಅದು ಹೋದರೆ ಅವರು ಮತ್ತೆ ತಟ್ಟೆ ಮುಟ್ಟುತ್ತಾರೆಯೇ?

ಅಕ್ಟೋಬರ್ ೧೦

ಮಾವನಿಗೆ ಹೇಳಿಬಿಟ್ಟೆ. ತಟ್ಟೆ ಸರಿಸಿದರು. ಹೆದರಿದ್ದೇ ಆಯಿತು.

ಸಂಜೆ ತಮ್ಮ ಪೆಟ್ಟಿಗೆಯಿಂದ ಪಾರ್ಕಿನ ಕಾಲದ ಕತ್ತರಿ ತೆಗೆದು, ಒರೆಸಿ, ಎಣ್ಣೆ ಹಾಕಿ ನನ್ನ ಮುಂದಿಟ್ಟರು.

“ನಾನು ಹೇಳಿದ ಕಡೆನೇ ಕತ್ತರಿಸ್ಬೇಕು.”

ಅಕ್ಟೋಬರ್ ೧೧

ಕಿವಿಯಲ್ಲಿ ಫೋನು, ಫೋನಿನಲ್ಲಿ ಮಾವ, ಮಾವನ ಕಣ್ಣಿಗೆ ಬೈನಾಕ್ಯುಲರ್.

“ಎಡಗಡೆ ಗೊಂಚಲು. ಇನ್ನೂ ಒಳಗೆ... ಹ್ಞಾ, ಅಲ್ಲಿ.”

“ಇದು ಹೊಸಾ ಹಸಿರು ಮಾವ. ಎಷ್ಟು ಚೆನ್ನಾಗಿದೆ.”

“ಅದಕ್ಕೇ ತೆಗಿ ಅಂದಿದ್ದು.”

ಕತ್ತರಿಸಿದೆ. ಹಸಿರೆಲ್ಲ ಕೆಳಗೆ ಉದುರಿತು. ಹುಲ್ಲು ಕಿತ್ತೆ, ಗೊಬ್ಬರವನ್ನು ಚಮಚದಿಂದ ಕೆರೆದು ತೆಗೆದೆ. ಕಲ್ಲಿಗೆ ಬೋಲ್ಟ್ ಬಿಗಿದೆ. ಗಂಟಣ್ಣ ಇಡೀ ದಿನ ಒಂದೂ ತಮಾಷೆ ಮಾಡಲಿಲ್ಲ.

ಕತ್ತರಿಸಿದ ಒಂದು ಕೊಂಬೆಯನ್ನು ಮನೆಗೆ ತಂದೆ. ಬೆರಳಿನಷ್ಟು ದಪ್ಪ. ಮಾವ ತುದಿಯನ್ನು ನುಣ್ಣಗೆ ಸವರಿ, ಭೂತಗನ್ನಡಿ ಹಿಡಿದು, ವರ್ಷಕ್ಕೊಂದರಂತೆ ಮೂಡಿದ ಬಳೆಗಳನ್ನು ಎಣಿಸಲು ಕೂತರು. ಕೂದಲಿನಂಥ ಗೆರೆಗಳು. ಎಣಿಸಿದರು, ತಪ್ಪಿದರು, ಮತ್ತೆ ಮೊದಲಿಂದ.

“ನನಗಿಂತ ದೊಡ್ಡದಮ್ಮ. ಈ ಕಡ್ಡೀನೇ ನನಗಿಂತ ದೊಡ್ಡದು!”

ಆಮೇಲೆ ಅಂಚಿಗೆ ಬಂದರು. ಅಲ್ಲಿ ಎರಡು ಗೆರೆ ಮಾತ್ರ ಅಗಲ. ಉಗುರಿನಿಂದ ಒತ್ತಿದರೆ ಒತ್ತುವಷ್ಟು ಮೆತ್ತಗೆ.

“ಇವೆರಡು ನಮ್ಮವು,” ಅಂದರು. “ಅದು ಹಸಿದಿರಲಿಲ್ಲ. ಅದರ ಅಳತೇನೇ ಅಷ್ಟಿತ್ತು.”

ಕೊಂಬೆ ಕೆಳಗಿಟ್ಟು, ನನ್ನ ಮುಖ ನೋಡದೆ — “ನೀನೂ ಇನ್ನು ನನ್ನ ಕೈ ಸರಿಸ್ಬೇಡ ಕಣಮ್ಮ.”

ಬೈಗುಳವಲ್ಲ. ಬೇಡಿಕೊಂಡಂತಿತ್ತು. ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಅಕ್ಟೋಬರ್ ೧೪

ಎಂಜಿನಿಯರ್ ಬಂದರು. ಅವರೇ ಹಗ್ಗ ಕಟ್ಟಿಕೊಂಡು ಇಳಿದು, ಹಿಡಿದು ಅಲ್ಲಾಡಿಸಿ ನೋಡಿದರು. ಅಲುಗಲಿಲ್ಲ. ವಸಂತದವರೆಗೆ ಇರಲಿ ಎಂದರು. ಗೂನಜ್ಜಿ ಬೋಳಾಗಿ, ಹಳೆಯ ಗೂನು ಮತ್ತೆ ಎದ್ದು ಕಾಣುತ್ತಿದೆ. ಚಿಗುರುತ್ತಾಳೋ ಇಲ್ಲವೋ ಆಗಲೇ ಗೊತ್ತಾಗುವುದು.

ಮಾವನಿಗೆ ಬಡಿಸಲಿಲ್ಲ. ಊಟ ಮುಚ್ಚಿಟ್ಟು ಬಂದೆ. ಅವರು ಬರಲಿಲ್ಲ.

ಅಕ್ಟೋಬರ್ ೧೫

ಒಂದು ಲೋಟ ಹಾಲು. ಅಷ್ಟೇ. ಅಪ್ಪನಿಗೆ ಯಾಕೆ ಬಡಿಸಲ್ಲ ಅಂತ ಇವರು ನನ್ನನ್ನು ದುರುಗುಟ್ಟಿ ನೋಡುತ್ತಾರೆ. ನಾಲಿಗೆ ಕಚ್ಚಿಕೊಂಡು ಕೂತಿದ್ದೇನೆ. ಹಗ್ಗಕ್ಕೆ ನೇತಾಡುವುದು ಇದಕ್ಕಿಂತ ಸುಲಭ.

ನವೆಂಬರ್ ೨, ಮಧ್ಯಾಹ್ನ

ರಜೆ. ಜರಿಗಿಡ ಒಂದೂ ಮರಳಿಲ್ಲ, ಮರಳಲೇಬೇಕು ಅಂತಲೂ ಇಲ್ಲ. ತೊಗಟೆಯ ಪಟ್ಟಿಯಲ್ಲಿ ಜೀವವಿದೆ. ಮಾವ ಸೊರಗಿದ್ದಾರೆ. ದಿನಾ ಅಷ್ಟಿಷ್ಟು, ಹಕ್ಕಿ ಕುಕ್ಕಿದಂತೆ. ನಾನು ಬಾಯಿ ಬಿಟ್ಟಿಲ್ಲ.

ಈಗ ಅಡುಗೆಮನೆಗೆ ತಾವೇ ಬಂದರು. “ಏನಮ್ಮ, ಇವತ್ತು ನಂಗೇನೂ ಇಲ್ವಾ?”

ಎದ್ದು ಬಡಿಸಬೇಕೆಂದು ಕೈ ತುರಿಸಿತು. ಸೌಟನ್ನು ಅವರ ಕೈಗೇ ಕೊಟ್ಟೆ. ಬಂದು ಕೂತು ಬರೆಯುತ್ತಿದ್ದೇನೆ, ಬರೆಯುವುದೇನೂ ಇಲ್ಲ, ತಲೆ ಎತ್ತದಿರಲು ಒಂದು ನೆಪ. ಒಂದು ಸೌಟು ಹಾಕಿಕೊಂಡರು. ಕೂತರು. ತಿನ್ನುತ್ತಿದ್ದಾರೆ. ನೋಡುವುದಿಲ್ಲ. ನೋಡುವುದಿಲ್ಲ ಅಂದರೆ ನೋಡುವುದಿಲ್ಲ. ಎದ್ದರು. ಪಾತ್ರೆಯ ಮುಚ್ಚಳದ ಸದ್ದು, ಮತ್ತೆ ಸೌಟು—