ತೊಂಬತ್ತು ದಾಟಿದರೆ ರಕ್ತವಿಲ್ಲ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯಲ್ಲಿ ನನ್ನ ತಮ್ಮ ರಕ್ತವಿಲ್ಲದೆ ಸತ್ತ. ರಕ್ತ ಸಿಗದೆ ಸತ್ತನೆಂದು ಮಾತ್ರ ತಿಳಿಯಬೇಡಿ. ಅದು ಎರಡು ಸಲ ಅವನ ಹಾಸಿಗೆಯ ತನಕ ಬಂತು, ಎರಡು ಸಲವೂ ನಿಮ್ಮ ಆಜ್ಞೆಗೆ ತಲೆಬಾಗಿ ಕೆಳಮಹಡಿಯ ಫ್ರಿಜ್ಜಿಗೆ ವಾಪಸ್ ಹೋಯಿತು. ಇಷ್ಟು ಶಿಸ್ತಿನ ರಕ್ತ ಬೇರೆಲ್ಲಾದರೂ ಇದೆಯೇ?

ಅವನು ಅಂಗಡಿಯೊಂದರಲ್ಲಿ ಗಾಜು ಕತ್ತರಿಸುವವನು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಆಳೆತ್ತರದ ಗಾಜೊಂದು ಜಾರಿ ತೊಡೆಗೆ ಇಳಿಯಿತು. ಜೊತೆಯವರು ಬೆಲ್ಟಿನಿಂದ ತೊಡೆ ಬಿಗಿದು ಹತ್ತು ನಿಮಿಷದಲ್ಲಿ ನಿಮ್ಮಲ್ಲಿಗೆ ತಂದರು. ಶಸ್ತ್ರಚಿಕಿತ್ಸಕರು ಇನ್ನೊಬ್ಬರ ಹೊಟ್ಟೆ ಹೊಲಿಯುತ್ತಿದ್ದರು. ಅವರು ಮುಗಿಸಿ ಬರುವ ತನಕ ಇವನ ಜೀವ ಹಿಡಿದಿಡಬೇಕಿತ್ತು, ಅಷ್ಟೇ. ಆ ಕೆಲಸವನ್ನು ನೀವು ಗೋಡೆಗೆ ಅಂಟಿಸಿದ ಒಂದು ಹಾಳೆಗೆ ಒಪ್ಪಿಸಿದ್ದಿರಿ.

ಆ ಹಾಳೆ ನನಗೀಗ ಬಾಯಿಪಾಠ. ಮೊದಲು ಸಲೈನ್. ಬಿ.ಪಿ. ತೊಂಬತ್ತು ದಾಟಿದರೆ ರಕ್ತವನ್ನು ಹಿಂದಿರುಗಿಸತಕ್ಕದ್ದು. ಕೆಳಗೆ ನಿಮ್ಮ ಸಹಿ, ಮೊಹರು. ಎರಡು ಬಾಟಲಿ ಉಪ್ಪುನೀರು ಮೈಗೆ ಇಳಿದ ಮೇಲೆ ಯಂತ್ರ ತೊಂಬತ್ನಾಲ್ಕು ತೋರಿಸಿತು. ಬಂದಿದ್ದ ರಕ್ತದ ಚೀಲ ವಾಪಸ್. ಅರ್ಧ ಗಂಟೆಗೆ ಎಪ್ಪತ್ತಾಯಿತು. ಚೀಲ ಮತ್ತೆ ಬರುವಷ್ಟರಲ್ಲಿ ಇನ್ನೆರಡು ಬಾಟಲಿ ಇಳಿದು ತೊಂಬತ್ತೆರಡು. ಮತ್ತೆ ವಾಪಸ್. ಕೊಳವೆ ತುಂಬಿದ್ದರೆ ಸಾಕು, ಒಳಗೆ ಏನು ಹರಿದರೇನು, ಅಲ್ಲವೇ? ಬ್ಯಾಂಡೇಜಿನಿಂದ ಸೋರುತ್ತಿದ್ದದ್ದು ಆಗಲೇ ಮಾಂಸ ತೊಳೆದ ನೀರಿನ ಹಾಗಿತ್ತು. ಅದು ಹೆಪ್ಪುಗಟ್ಟುತ್ತಲೇ ಇರಲಿಲ್ಲ.

ನರ್ಸ್ ಕೆಟ್ಟವಳಲ್ಲ. ಉಪ್ಪುನೀರು ಅಂಕಿಯನ್ನಷ್ಟೇ ಏರಿಸುತ್ತದೆ, ಉಳಿದ ರಕ್ತವನ್ನೂ ತೆಳುಮಾಡುತ್ತದೆ, ಮೈಯನ್ನು ತಣ್ಣಗಾಗಿಸುತ್ತದೆ ಎಂದು ನನಗೆ ಹೇಳಿದವಳೇ ಅವಳು. ಹಾಗಾದರೆ ನೀನೇಕೆ ಚೀಲವನ್ನು ವಾಪಸ್ ಕಳಿಸಿದೆ ಎಂದು ಅವಳ ಕೈ ಹಿಡಿದು ಕೇಳಿದೆ.

“ನಂಗೂ ಗೊತ್ತಕ್ಕ. ತೊಂಬತ್ತು ದಾಟಿದ್ಮೇಲೆ ಹಾಕಿದ್ರೆ ನನ್ನ ಕೆಲಸ ಹೋಗುತ್ತೆ” ಎಂದಳು.

ತಮ್ಮನಿಗೆ ಎರಡು ಕಂಬಳಿ ಹೊದಿಸಿದೆ. “ಅಕ್ಕ, ಚಳಿ ಕಣೇ. ಆ ಕಿಟಕಿ ಮುಚ್ಚು” ಎಂದ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಮುಚ್ಚಿದೆ ಕಣೋ ಎಂದೆ. ಮೂರನೇ ಸಲ ಚೀಲ ಬಂದಾಗ ಯಂತ್ರದಲ್ಲಿ ಅಂಕಿಯೇ ಇರಲಿಲ್ಲ. ನಿಮ್ಮ ನಿಯಮದ ಪ್ರಕಾರ ಅವನು ಆಗ ಸಂಪೂರ್ಣ ಅರ್ಹನಾಗಿದ್ದ.

ಒಂದು ಚೀಲವೂ ವ್ಯರ್ಥವಾಗದ ಆಸ್ಪತ್ರೆಯೆಂದು ನಿಮಗೆ ಪ್ರಶಸ್ತಿ ಬಂದಿದೆಯಂತೆ. ಫಲಕವನ್ನು ನಿಮ್ಮ ಬಾಗಿಲಲ್ಲೇ ಕಂಡೆ. ಅಭಿನಂದನೆಗಳು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರಿಲ್ಲ. ಕೇಳಲು ಬಂದ ನನಗೆ, ನಿಯಮ ಎಲ್ಲರಿಗೂ ಒಂದೇ ಕಣಮ್ಮ ಎಂದು ಕುರ್ಚಿಯಿಂದ ಏಳದೆಯೇ ಹೇಳಿದಿರಿ. ನಿಮ್ಮ ತೊಡೆಗೂ ಒಂದೇ ತಾನೇ? ನಿಮ್ಮ ಮಗಳ ಹೆರಿಗೆಗೂ? ನಿಮ್ಮನ್ನು ನೆನೆದರೆ ನನಗೆ ಹೇಸಿಗೆಯಾಗುತ್ತದೆ, ಇದನ್ನು ಸಭ್ಯವಾಗಿ ಬರೆಯುವ ಬಗೆ ನನಗೆ ತಿಳಿಯದು.

ಮೊನ್ನೆ ನಿಮ್ಮ ರಕ್ತನಿಧಿಯಿಂದ ಫೋನ್ ಬಂತು. ದಾಸ್ತಾನು ಕಡಿಮೆಯಾಗಿದೆ, ನೀವು ಹಳೆಯ ದಾನಿ, ಶುಕ್ರವಾರ ಬರುತ್ತೀರಾ ಎಂದರು. ಹೌದು, ಹನ್ನೊಂದು ಸಲ ಕೊಟ್ಟಿದ್ದೇನೆ. ನನ್ನದೂ ತಮ್ಮನದೂ ಒಂದೇ ಗುಂಪು. ವಾಪಸ್ ಹೋದ ಚೀಲ ನನ್ನದೇ ಆಗಿತ್ತೇ ಎಂದು ಕೇಳಿದೆ. ಅದನ್ನು ಹೇಳುವ ಹಾಗಿಲ್ಲವಂತೆ.

ಶುಕ್ರವಾರ ಬರುತ್ತೇನೆ. ಇನ್ನೊಬ್ಬಳ ತಮ್ಮನ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಸೂಜಿ ಚುಚ್ಚುವ ಮೊದಲು ಆ ಹಾಳೆಯನ್ನು ಹರಿದು ನನ್ನ ಕೈಗೆ ಕೊಡಬೇಕು. ರಕ್ತ ಸೋರುತ್ತಿರುವವರಿಗೆ ತಡಮಾಡದೆ ರಕ್ತ ಎಂಬ ಹೊಸ ಹಾಳೆ, ನಿಮ್ಮದೇ ಸಹಿಯಲ್ಲಿ, ಅಲ್ಲಿ ಅಂಟಬೇಕು. ಆಗದು ಎನ್ನುವಿರಾದರೆ ನೀವೇ ಕೆಳಗಿಳಿದು ಬನ್ನಿ. ನನ್ನ ಚೀಲ ತುಂಬುತ್ತಿರುವಾಗ ಪಕ್ಕದಲ್ಲಿ ನಿಂತು, ಮುಖ ನೋಡಿ, ಇದನ್ನು ಯಾರಿಗೂ ಕೊಡುವುದಿಲ್ಲ ಎಂದು ಹೇಳಿ.

ಇಂತಿ,
ನಿಮ್ಮ ಪ್ರಶಸ್ತಿಗೆ ತಮ್ಮನನ್ನು ಕೊಟ್ಟ ಅಕ್ಕ