ಡೇರೆ ಬಾಗಿಲ ಚಾಪೆ

ಫೆಬ್ರವರಿ ೩, ೧೮೯೯

ಬೆಳಿಗ್ಗೆ ಎದ್ದು ಚಾಪೆ ಕೊಡವಿದೆ. ಇವತ್ತು ಚೇಳಿಲ್ಲ. ಜಿಬೂಟಿಯಿಂದ ರೈಲು ಹಳಿ ಹಾಕಿಸುವ ಫ್ರೆಂಚ್ ಇಂಜಿನಿಯರ್ ಮೊಸ್ಯೋ ವೆರ್ನೂ ಎಂದಿನಂತೆ ನನ್ನ ಕಾಲು ದಾಟಿಕೊಂಡೇ ಡೇರೆಯಿಂದ ಹೊರಗೆ ಹೋದ. ನನ್ನನ್ನು ಬಾಗಿಲಿಗೆ ಅಡ್ಡ ಮಲಗುವ ಸೋಮಾರಿ ದುಭಾಷಿ ಅಂದುಕೊಂಡಿದ್ದಾನೆ. ನಾನು ಅವನ ಅಬ್ಬಾನ್. ನಮ್ಮ ಈಸಾ ಕುಲದ ನೆಲದಲ್ಲಿ ಅವನ ಜೀವಕ್ಕೆ ಹೊಣೆ. ನನ್ನ ಚಾಪೆ ಇಲ್ಲಿರುವ ತನಕ ನಮ್ಮವರು ಯಾರೂ ಅವನನ್ನು ಮುಟ್ಟುವುದಿಲ್ಲ. ಎಷ್ಟು ಸಲ ಹೇಳಿಲ್ಲ...

"ನನ್ನ ಕಾಯೋದು ಬಂದೂಕು ಕಣಯ್ಯ, ನಿನ್ನ ಚಾಪೆಯಲ್ಲ" ಎನ್ನುತ್ತಾನೆ.

ಫೆಬ್ರವರಿ ೯

ಹಳಿ ನಮ್ಮವರ ಒಂಟೆಗಳು ನೀರು ಕುಡಿಯುವ ಗರಸ್ ಬಾವಿ ಹತ್ತಿರ ಬಂತು. ಸೋದರಮಾವ ಬುರಾಲೆ ಹಿರಿಯರನ್ನು ಕರೆತಂದ. ವೆರ್ನೂ ಮುಖ ಕಿವುಚಿಕೊಂಡು ಒಂಟೆ ಹಾಲು ಕುಡಿದ. ಬೆಳಗಿನ ನೀರು ನಿಮಗೆ, ಸಂಜೆಯದು ರೈಲಿಗೆ ಎಂದ. ನಮ್ಮ ಮಾತಿನಲ್ಲಿ ಹೇಳಿದೆ.

ಮಾವ ಅವನ ಕಡೆ ನೋಡಲೇ ಇಲ್ಲ. "ಅವನ ಮಾತು ನಂಗ್ಯಾಕೋ. ಗೂಲೇದ್, ನೀನು ಮಾತು ಕೊಡ್ತೀಯಾ?"

"ಕೊಡ್ತೀನಿ ಮಾವ."

ಅಷ್ಟು ಸಾಕಾಯಿತು ಅವರಿಗೆ.

ಮಾರ್ಚ್ ೨

ಪಂಪು ಬಂತು. ಬಾವಿ ಸುತ್ತ ಮುಳ್ಳುತಂತಿ. ಬೆಳಗೂ ರೈಲಿನದೇ, ಸಂಜೆಯೂ ರೈಲಿನದೇ. ಅಕ್ಕ ಅಸ್ಲಿ ಒಂಟೆಗಳೊಂದಿಗೆ ತಂತಿಯಾಚೆ ಕಾದು ಕಾದು ವಾಪಸ್ಸು ಹೋದಳು. ನನ್ನನ್ನು ಮಾತಾಡಿಸಲಿಲ್ಲ.

ವೆರ್ನೂನನ್ನು ಕೇಳಿದೆ. ನಕ್ಕ. "ಒಂಟೆ ಎಷ್ಟು ದಿನ ಬೇಕಾದ್ರೂ ತಡ್ಕೊಳ್ಳುತ್ತೆ. ನನ್ನ ಬಾಯ್ಲರ್ ತಡ್ಕೊಳ್ಳಲ್ಲ."

ಮಾತು ತಪ್ಪಿದವನು ಅವನು, ಮಾನ ಹೋದದ್ದು ನನ್ನದು. ಥೂ.

ಮಾರ್ಚ್ ೨೭

ಅಕ್ಕನ ಹಾಲಿನ ಒಂಟೆ ಸತ್ತಿತು. ಮರಿ ಇನ್ನೂ ಪಕ್ಕದಲ್ಲೇ ನಿಂತಿದೆ.

ಮಾವ ಬಂದ. "ಬೈಯೋಕೆ ಬಂದಿಲ್ಲ ಕಣೋ. ಚಾಪೆ ಎತ್ಕೋ. ಮಿಕ್ಕಿದ್ದು ನಾವು ನೋಡ್ಕೋತೀವಿ."

"ಅವನು ಸಾಯ್ತಾನೆ ಮಾವ."

"ನಿನ್ನ ಚಾಪೆ ಇದ್ರೆ ಸಾಯಲ್ಲ. ಅದಕ್ಕೇ ಎತ್ಕೋ ಅಂತಿರೋದು."

ಎತ್ತಲಿಲ್ಲ. ಅವನ ಮೇಲಿನ ಪ್ರೀತಿಗಲ್ಲ, ಕಂಡರೆ ಮೈ ಉರಿಯುತ್ತದೆ. ಬಾವಿಯ ಮಾತಂತೂ ಹೋಯಿತು. ಇದೊಂದಾದರೂ ಉಳಿಯಲಿ.

ಏಪ್ರಿಲ್ ೧, ಮಧ್ಯಾಹ್ನ

ಜಿಬೂಟಿಯಿಂದ ಸಿಪಾಯಿಗಳು ಬಂದರು. ನಾನು ಡೇರೆಗೆ ಬಂದು ನೋಡಿದರೆ ಬಾಗಿಲಲ್ಲಿ ಚಾಪೆಯಿಲ್ಲ. ಖಾಲಿ ಡಬ್ಬಿಗಳ ಜೊತೆ ಕಸದಲ್ಲಿ ಬಿದ್ದಿತ್ತು.

"ಇನ್ಮೇಲೆ ಕೂಲಿಗಳ ಜೊತೆ ಮಲ್ಕೋ" ಎಂದ ವೆರ್ನೂ. "ಇಲ್ಲಿ ಸಿಪಾಯಿ ನಿಲ್ತಾನೆ."

"ನೀವೇ ಎಸೆದ್ರೆ ನನ್ನ ಹೊಣೆ ಮುಗೀತು ಮೊಸ್ಯೋ. ನಮ್ಮೋರು ಬರ್ತಾರೆ."

"ವಾಸ್ನೆ ಹೊಡೀತಿತ್ತು ಕಣಯ್ಯ."

ಮತ್ತೆ ಹಾಸಿದೆ. ಬೂಟಿನಿಂದ ತಳ್ಳಿದ. ತಂತಿಯಾಚೆ ನಮ್ಮವರು ಕೂತು ನೋಡುತ್ತಿದ್ದರು. ಒಬ್ಬ ಎದ್ದು ಮಾವನ ಹಟ್ಟಿಯ ಕಡೆ ನಡೆದ.

ಅದೇ ದಿನ, ಸಂಜೆ

ಅಕ್ಕನ ಗುಡಿಸಲು. ಅವಳೇ ನನ್ನ ಚಾಪೆ ಹಾಸಿಕೊಟ್ಟಳು. "ಉಂಡು ಮಲ್ಕೋ. ನಿಂದೇನೂ ತಪ್ಪಿಲ್ಲ." ಅವಳ ದನಿ ಕೇಳಿ ಎಷ್ಟು ದಿನವಾಗಿತ್ತು. ಅಳು ಬಂತು.

ಹೊರಗೆ ಗಂಡಸರು ಈಟಿ ಹಿಡಿದು ಸದ್ದಿಲ್ಲದೆ ಹೊರಡುತ್ತಿದ್ದಾರೆ. ಪದ್ಧತಿ ಪ್ರಕಾರ ನಾನು ಋಣಮುಕ್ತ. ಹಾಯೆನಿಸಬೇಕಿತ್ತು. ಅನಿಸುತ್ತಿಲ್ಲ... ವೆರ್ನೂ ಈಗ ಊಟಕ್ಕೆ ಕೂತಿರುತ್ತಾನೆ. ದಿನವೂ ಬಾಗಿಲಿಗೆ ಬೆನ್ನು ಮಾಡಿಯೇ ಕೂರುತ್ತಿದ್ದ. ಬಾಗಿಲಲ್ಲಿ ನಾನಿರುತ್ತಿದ್ದೆನಲ್ಲ.

ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದೇನೆ. ಅಕ್ಕ ಅಡ್ಡ ನಿಂತಿದ್ದಾಳೆ. ಎಲ್ಲಿಗೋ ಎನ್ನುತ್ತಿದ್ದಾಳೆ. ಡೇರೆ ಬಾಗಿಲಿಗೆ ಅಂತ ಅವಳಿಗೆ ಹೇಗೆ—